ಕಡಲ ದಂಡೆ, ಹೊಲದ ದಾರಿ ಸೇರಿಸಿ ಮಕ್ಕಳೊಂದಿಗೆ ಒಂದು ಸುತ್ತು: ಯೋಜನೆ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ಐದು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಅರವತ್ತೇಳರ ಅತ್ತೆ, ನಾವಿಬ್ಬರು. ರಜೆಯಲ್ಲಿ ಅರ್ಧ ದಿನ ನಡೆಯಬೇಕೆಂದಿದ್ದೇವೆ. ಹೋದ ದಾರಿಯಲ್ಲೇ ವಾಪಸ್ ಬರುವುದೆಂದರೆ ಮಕ್ಕಳಿಗೆ ಬೇಸರ. ಒಂದು ಕಡೆ ಸಮುದ್ರ ತೀರ, ಇನ್ನೊಂದು ಕಡೆ ಹೊಲ, ತೋಪುಗಳ ನಡುವಿನ ಕಾಲುದಾರಿ, ಹೀಗೆ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರುವ ದಾರಿಯನ್ನು ನಾವೇ ರೂಪಿಸಿಕೊಳ್ಳುವುದು ಹೇಗೆ? ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬಹುದು? ತೀರ ಮೊದಲೋ, ಹೊಲ ಮೊದಲೋ?

ಉತ್ತರ: ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹೀಗೆ: ನಕ್ಷೆಯಲ್ಲಿ ಒಂದು ಗೆರೆ ಎಳೆದು, ಕಿಲೋಮೀಟರ್ ಎಣಿಸಿ, ತಿಂಡಿ ಮುಗಿಸಿ ಹೊರಡುತ್ತಾರೆ. ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ನೆನಪಾಗುವುದು ಮರಳಿನ ಮೇಲೆ ಕಾಲಿಟ್ಟ ಮೇಲೆ. ಇದನ್ನು ತಿರುಗಿಸಿ ಮಾಡಬೇಕು. ಹೊಲದ ದಾರಿ ಬೆಳಿಗ್ಗೆ ಆರಕ್ಕೂ ಅಲ್ಲೇ ಇರುತ್ತದೆ, ಸಂಜೆ ನಾಲ್ಕಕ್ಕೂ ಅಲ್ಲೇ ಇರುತ್ತದೆ. ತೀರದ ದಾರಿ ಹಾಗಲ್ಲ, ದಿನದ ಕೆಲವು ಗಂಟೆಗಳ ಕಾಲ ಅದು ಇರುವುದೇ ಇಲ್ಲ. ಆದ್ದರಿಂದ ಮೊದಲು ತೀರದ ಭಾಗಕ್ಕೆ ಗಡಿಯಾರದಲ್ಲಿ ಜಾಗ ಹಿಡಿಯಿರಿ. ಹೊರಡುವ ಹೊತ್ತು, ಊಟದ ಜಾಗ, ದಿಕ್ಕು ಎಲ್ಲವೂ ಅದಕ್ಕೆ ಹೊಂದಿಕೊಳ್ಳಲಿ.

ಇಳಿತದ ಲೆಕ್ಕ

ಬಹುತೇಕ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಬೆಳಿಗ್ಗೆ 9ಕ್ಕಿದ್ದ ಇಳಿತ ನಾಳೆ 9:50ರ ಆಸುಪಾಸಿಗೆ ಜರುಗುತ್ತದೆ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ಮೆಡಿಟರೇನಿಯನ್, ಬಾಲ್ಟಿಕ್‌ನಂಥ ಹೆಚ್ಚುಕಡಿಮೆ ಮುಚ್ಚಿದ ಸಮುದ್ರಗಳಲ್ಲಿ ಬಹಳ ಕಡೆ ನೀರಿನ ಮಟ್ಟ ಒಂದೆರಡು ಗೇಣಿನಷ್ಟೂ ಬದಲಾಗುವುದಿಲ್ಲ. ಅಂಥಲ್ಲಿ ಉಬ್ಬರಕ್ಕಿಂತ ಗಾಳಿಯೇ ಮುಖ್ಯ. ನಿಮ್ಮ ತೀರ ಯಾವ ಬಗೆಯದು ಎಂಬುದನ್ನು ಹತ್ತಿರದ ಬಂದರಿನ ಉಬ್ಬರವಿಳಿತದ ಕೋಷ್ಟಕ ನೋಡಿ ತಿಳಿದುಕೊಳ್ಳಿ.

ಕೋಷ್ಟಕ ಓದುವಾಗ ಮೂರು ಕಡೆ ಎಡವುತ್ತಾರೆ. ಒಂದು, ಕೋಷ್ಟಕದ ಬಂದರು ನೀವು ನಡೆಯುವ ಜಾಗದಿಂದ ದೂರವಿದ್ದರೆ ಸಮಯ ವ್ಯತ್ಯಾಸವಾಗುತ್ತದೆ, ಅದರಲ್ಲೂ ಬಂದರು ನದಿಯೊಳಗೆ ಇದ್ದರೆ ತೆರೆದ ತೀರಕ್ಕಿಂತ ತಡವಾಗಿಯೇ ನೀರು ಏರಿಳಿಯುತ್ತದೆ. ಎರಡು, ಗಡಿಯಾರವನ್ನು ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಕೋಷ್ಟಕಗಳು ಹಳೆಯ ಸಮಯವನ್ನೇ ಕೊಡುತ್ತವೆ. ಮೂರು, ಅಲ್ಲಿರುವ ಎತ್ತರದ ಅಂಕಿ ಮರಳಿನಿಂದ ಅಳೆದದ್ದಲ್ಲ, ನೌಕಾ ನಕ್ಷೆಯ ಒಂದು ನಿಗದಿತ ಕೆಳಮಟ್ಟದಿಂದ ಅಳೆದದ್ದು. ‘0.6 ಮೀಟರ್’ ಎಂದಿದ್ದರೆ ದಂಡೆಯ ಮೇಲೆ ಮೊಣಕಾಲುದ್ದ ನೀರಿದೆ ಎಂದರ್ಥವಲ್ಲ. ನಿಮಗೆ ಬೇಕಾದದ್ದು ಎರಡೇ ಸಂಗತಿ: ಇಳಿತದ ಸಮಯ, ಮತ್ತು ಇಳಿತಕ್ಕೂ ಉಬ್ಬರಕ್ಕೂ ನಡುವಿನ ಎತ್ತರದ ವ್ಯತ್ಯಾಸ.

ಆ ವ್ಯತ್ಯಾಸವನ್ನು ಹನ್ನೆರಡು ಪಾಲು ಮಾಡಿ. ನೀರು ಏರುವ ಆರು ಗಂಟೆಗಳಲ್ಲಿ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಮತ್ತೆ ಮೂರು, ಐದನೆಯದಕ್ಕೆ ಎರಡು, ಆರನೆಯದಕ್ಕೆ ಒಂದು. ನಾವಿಕರು ಬಳಸುವ ಸ್ಥೂಲ ಲೆಕ್ಕ ಇದು, ನಡೆಯುವವರಿಗೂ ಸಾಕು. ವ್ಯತ್ಯಾಸ 3 ಮೀಟರ್ ಇದೆ ಎನ್ನಿ. ಇಳಿತವಾದ ಮೊದಲ ಗಂಟೆಯಲ್ಲಿ ನೀರು ಏರುವುದು 25 ಸೆಂ.ಮೀ. ಮಾತ್ರ. ‘ನೀರು ಅಲುಗಾಡುತ್ತಲೇ ಇಲ್ಲ, ಮಕ್ಕಳು ಇನ್ನಷ್ಟು ಆಡಲಿ’ ಅನ್ನಿಸುವುದು ಆಗಲೇ. ಮೂರನೆಯ ಗಂಟೆಯಲ್ಲಿ ಅದೇ ನೀರು 75 ಸೆಂ.ಮೀ. ಏರುತ್ತದೆ.

75 ಸೆಂ.ಮೀ. ಎಂದರೆ ಎಷ್ಟು ದಂಡೆ ಮುಳುಗುತ್ತದೆ ಎಂಬುದು ಇಳಿಜಾರಿನ ಮೇಲೆ ನಿಂತಿದೆ. ನೂರು ಮೀಟರ್‌ಗೆ ಒಂದು ಮೀಟರ್ ಇಳಿಯುವ ಚಪ್ಪಟೆ ತೀರದಲ್ಲಿ ನೀರು ಆ ಒಂದು ಗಂಟೆಯಲ್ಲಿ 75 ಮೀಟರ್ ಒಳಬರುತ್ತದೆ, ನಿಮಿಷಕ್ಕೆ ಮೀಟರ್‌ಗೂ ಹೆಚ್ಚು. ಐವತ್ತಕ್ಕೆ ಒಂದು ಇಳಿಜಾರಿದ್ದರೆ ಸುಮಾರು 37 ಮೀಟರ್. ಅಗಲವಾದ, ಚಪ್ಪಟೆಯಾದ ತೀರ ಮಕ್ಕಳಿಗೆ ಸುರಕ್ಷಿತ ಎಂಬ ಅಭಿಪ್ರಾಯ ಅರ್ಧ ಮಾತ್ರ ಸರಿ. ಅಲ್ಲಿ ಅಲೆಗಳ ಹೊಡೆತ ಕಡಿಮೆ, ನಿಜ. ಆದರೆ ನೀರು ಎದುರಿನಿಂದ ನೇರವಾಗಿ ಬರುವುದಿಲ್ಲ. ಮರಳಿನ ಉಬ್ಬುಗಳ ಹಿಂದಿನ ತಗ್ಗುಗಳಲ್ಲಿ ಮೊದಲು ತುಂಬಿಕೊಳ್ಳುತ್ತದೆ. ಉಬ್ಬಿನ ಮೇಲೆ ಆಡುತ್ತಿರುವವರಿಗೆ ತಮಗೂ ದಂಡೆಗೂ ನಡುವೆ ಸೊಂಟದುದ್ದ ನೀರು ಬಂದಿರುವುದು ಗೊತ್ತೇ ಆಗುವುದಿಲ್ಲ.

ಹೀಗಾಗಿ ಮುಖ್ಯ ನಿಯಮ: ನೀರು ಇಳಿಯುತ್ತಿರುವಾಗ ತೀರದಲ್ಲಿ ನಡೆಯಿರಿ, ಏರುತ್ತಿರುವಾಗ ಹೊಲದಲ್ಲಿರಿ. ಇಳಿತಕ್ಕೆ ಎರಡು ಗಂಟೆ ಮುಂಚೆ ಮರಳಿಗೆ ಇಳಿದು, ಇಳಿತದ ಹೊತ್ತಿಗೆ ಅಥವಾ ಹೆಚ್ಚೆಂದರೆ ಅದಾಗಿ ಅರ್ಧ ಗಂಟೆಯೊಳಗೆ ಮೇಲೆ ಹತ್ತಿಬಿಡಬೇಕು. ಆಗ ಲೆಕ್ಕ ನಲವತ್ತು ನಿಮಿಷ ತಪ್ಪಿದರೂ, ಮಗು ಹಟ ಹಿಡಿದು ಕೂತರೂ, ಅತ್ತೆಯವರಿಗೆ ಸುಧಾರಿಸಿಕೊಳ್ಳಲು ಹೊತ್ತು ಬೇಕಾದರೂ ದಂಡೆ ಕಿರಿದಾಗುವುದಿಲ್ಲ. ಇಳಿತದ ಹೊತ್ತಿಗೆ ಸರಿಯಾಗಿ ಇಳಿದು ಎರಡು ಗಂಟೆ ನಡೆಯುವವರಿಗೂ ಸಿಗುವುದು ಅಷ್ಟೇ ಅಗಲದ ದಂಡೆ. ಆದರೆ ಅವರು ತಡ ಮಾಡಿದ ಪ್ರತಿ ನಿಮಿಷಕ್ಕೂ ದಂಡೆ ಕಡಿಮೆಯಾಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ಎತ್ತರ, ಇಳಿತ ಅತಿ ಕೆಳಗೆ. ಅಷ್ಟಮಿಯ ಆಸುಪಾಸಿನಲ್ಲಿ ವ್ಯತ್ಯಾಸ ಕಡಿಮೆ. ಇದರ ಜೊತೆಗೆ ಅನೇಕರು ಗಮನಿಸದ ಒಂದು ಸಂಗತಿ ಇದೆ. ದಿನಕ್ಕೆ ಎರಡು ಉಬ್ಬರವಿರುವ ಒಂದು ನಿರ್ದಿಷ್ಟ ಜಾಗದಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತ ವರ್ಷವಿಡೀ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ಅಲ್ಲಿ ಅದು ಬೆಳಿಗ್ಗೆ 11:30ಕ್ಕೆ ಎಂದಿದ್ದರೆ, ಒಂದು ವಾರ ಬಿಟ್ಟು ಬರುವ ಅಷ್ಟಮಿಯ ಸಣ್ಣ ಇಳಿತ ಸಂಜೆ 5:20ರ ಸುಮಾರಿಗೆ. ಇದು ತಿಳಿದಿದ್ದರೆ ದಾರಿಯನ್ನು ತಿದ್ದುತ್ತಾ ಕೂರುವ ಬದಲು ದಿನಾಂಕ ಬದಲಿಸಬಹುದು. ದಾರಿ ಚೆನ್ನಾಗಿದ್ದು ಹೊತ್ತು ಹೊಂದದಿದ್ದರೆ ಮೂರು ದಿನ ಆಚೀಚೆ ಮಾಡಿ ನೋಡಿ, ಎರಡೂವರೆ ಗಂಟೆ ಸಿಗುತ್ತದೆ.

ಕೋಷ್ಟಕ ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದರ ಮೇಲೆ ಕಡಲಿನಿಂದ ಜೋರು ಗಾಳಿ ಬೀಸುತ್ತಿದ್ದರೆ ನೀರು ದಂಡೆಗೆ ಒತ್ತಿಕೊಂಡು ಇನ್ನಷ್ಟು ಒಳಬರುತ್ತದೆ, ಇಳಿತದಲ್ಲೂ ಪೂರ್ತಿ ಹಿಂದೆ ಸರಿಯುವುದಿಲ್ಲ. ವಾಯುಭಾರ ಕುಸಿತದ ಮುನ್ಸೂಚನೆ ಇದ್ದ ದಿನ ತೀರದ ಭಾಗವನ್ನೇ ಕೈಬಿಡಿ.

ನಕ್ಷೆಯ ಮೇಲೆ ಸುತ್ತು

1:25,000 ಅಳತೆಯ ನಕ್ಷೆ ಸಿಕ್ಕರೆ ಒಳ್ಳೆಯದು, ಅದರಲ್ಲಿ 4 ಸೆಂ.ಮೀ. ಅಂದರೆ ಒಂದು ಕಿ.ಮೀ. 1:50,000 ನಕ್ಷೆಯಲ್ಲಿ ಹೊಲದ ಬದುವಿನ ದಾರಿಗಳು ಬಹಳ ಸಲ ಕಾಣುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆ್ಯಪ್‌ಗಳಲ್ಲಿ ಕಾಲುದಾರಿಗಳಿರುತ್ತವೆ. ಆದರೆ ಅಲ್ಲಿ ಗೆರೆ ಇದೆ ಎಂದ ಮಾತ್ರಕ್ಕೆ ನಡೆಯಲು ಅನುಮತಿ ಇದೆ ಎಂದಲ್ಲ. ಖಾಸಗಿ ಹೊಲದ ನಡುವೆ ಹೋಗುವ ದಾರಿಯಾದರೆ ಮೊದಲೇ ಕೇಳಿಕೊಳ್ಳಿ. ನಕ್ಷೆಯ ಜೊತೆಗೆ ಉಪಗ್ರಹ ಚಿತ್ರವನ್ನೂ ತೆರೆದಿಟ್ಟುಕೊಳ್ಳಿ. ಆದರೆ ದಂಡೆಯ ಅಗಲವನ್ನು ಅದರಿಂದ ಅಳೆಯಬೇಡಿ. ಆ ಚಿತ್ರ ಇಳಿತದಲ್ಲಿ ತೆಗೆದದ್ದೋ ಉಬ್ಬರದಲ್ಲಿ ತೆಗೆದದ್ದೋ ಹೇಳಲಾಗದು.

ಮೊದಲು ಗುರುತಿಸಬೇಕಾದದ್ದು ದಾರಿಯನ್ನಲ್ಲ, ತೀರದಿಂದ ಒಳಗೆ ಹೋಗಲು ಇರುವ ಬಾಯಿಗಳನ್ನು. ಮೆಟ್ಟಿಲು, ದೋಣಿ ಎಳೆಯುವ ಜಾಗ, ಮರಳು ದಿಬ್ಬಗಳ ನಡುವಿನ ಕಾಲುದಾರಿ, ಹೀಗೆ ಯಾವುದಾದರೂ ಸರಿ. ಮಕ್ಕಳೊಂದಿಗಿದ್ದಾಗ ಇಂಥ ಎರಡು ಬಾಯಿಗಳ ನಡುವಿನ ಅಂತರ 800 ಮೀಟರ್ ದಾಟಬಾರದು, ಒಂದು ಕಿಲೋಮೀಟರ್ ಅಂತೂ ಕೊನೆಯ ಮಿತಿ. ಐದು ವರ್ಷದ ಮಗು ಮರಳಿನಲ್ಲಿ ಆ ಅರ್ಧ ದೂರಕ್ಕೆ ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಅಂದರೆ ಎಲ್ಲೇ ಇದ್ದರೂ ಹದಿನೈದು ನಿಮಿಷದಲ್ಲಿ ಮೇಲೆ ಹತ್ತಬಹುದು. ದಂಡೆಯ ಹಿಂದೆ ಬಂಡೆಯ ಗೋಡೆ ಉದ್ದಕ್ಕೂ ಇದ್ದು ನಡುವೆ ಬಾಯಿಯೇ ಇಲ್ಲದಿದ್ದರೆ, ಎಷ್ಟೇ ಸುಂದರವಾಗಿರಲಿ, ಆ ಭಾಗ ಈ ಗುಂಪಿಗೆ ಬೇಡ. ಎರಡು ಕೊಲ್ಲಿಗಳ ನಡುವೆ ಚಾಚಿಕೊಂಡ ಬಂಡೆಯ ಮೂಗನ್ನು ಇಳಿತದಲ್ಲಿ ಸುತ್ತಿ ಹೋಗುವ ದಾರಿಯೂ ಅಂಥದ್ದೇ. ನೀರು ಮೊದಲು ಮುಟ್ಟುವುದು ಆ ಮೂಗನ್ನು, ಹಿಂದಿನ ಮರಳು ಒಣಗಿಯೇ ಇರುತ್ತದೆ.

ಆಮೇಲೆ ಹಳ್ಳ ಮತ್ತು ಅಳಿವೆಗಳನ್ನು ನೋಡಿ. ನಕ್ಷೆಯಲ್ಲಿ ಕೂದಲೆಳೆಯಷ್ಟಿರುವ ಹಳ್ಳ ಮಳೆಯ ಮಾರನೆಯ ದಿನ ದಾಟಲಾಗದಂತಿರಬಹುದು. ದಾಟಲೇಬೇಕಿದ್ದರೆ ಒಳಗಡೆ ಕಿರಿದಾಗಿ ಕಾಣುವಲ್ಲಿ ಅಲ್ಲ, ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಹಳ್ಳ ಹರಡಿಕೊಂಡು ಪಾದ ಮುಳುಗುವಷ್ಟೇ ಆಗಿರುವಲ್ಲಿ ದಾಟಬೇಕು. ಕಿರಿದಾದ ಕಡೆ ಆಳವೂ ಹೆಚ್ಚು, ಸೆಳೆತವೂ ಹೆಚ್ಚು, ಅಂಚಿನ ಮರಳು ಕುಸಿಯುವುದೂ ಅಲ್ಲೇ. ದೊಡ್ಡ ಅಳಿವೆಯಾದರೆ ದಾಟುವ ಮಾತೇ ಬೇಡ. ಒಳಗಡೆ ಸೇತುವೆ ಇದ್ದರೆ ಸುತ್ತು ಅಲ್ಲಿಂದ ಹೋಗಲಿ, ಇಲ್ಲದಿದ್ದರೆ ಅಳಿವೆಗೆ ಮುಂಚೆಯೇ ಹೊಲದ ಕಡೆ ತಿರುಗಲಿ. ಅಳಿವೆಯ ದಡದ ಕೆಸರು ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಮೆತ್ತಗಿರುತ್ತದೆ. ಕಾಲು ಹೂತರೆ ಎಳೆದಾಡಬಾರದು. ಹಿಂದಕ್ಕೆ ಒರಗಿ, ಭಾರವನ್ನು ಬೆನ್ನಿಗೆ ಬಿಟ್ಟು, ಕಾಲನ್ನು ಸಣ್ಣದಾಗಿ ಅಲ್ಲಾಡಿಸುತ್ತಾ ನಿಧಾನವಾಗಿ ಬಿಡಿಸಿಕೊಳ್ಳಬೇಕು.

ಸುತ್ತಿನ ಆಕಾರ ಇಂಗ್ಲಿಷಿನ ‘ಡಿ’ ಅಕ್ಷರದಂತಿರಲಿ: ನೇರ ಗೆರೆ ತೀರ, ಬಾಗಿದ ಗೆರೆ ಹೊಲ. ನಡುವೆ ಒಂದು ಅಡ್ಡದಾರಿ ಸಿಕ್ಕರೆ ಬಹಳ ಒಳ್ಳೆಯದು, ಅರ್ಧದಲ್ಲೇ ಸಾಕೆನಿಸಿದರೆ ಸುತ್ತನ್ನು ಅಲ್ಲಿಗೇ ಮುಚ್ಚಬಹುದು.

ಎಷ್ಟು ದೂರ, ಎಷ್ಟು ಹೊತ್ತು

ನಿಮ್ಮ ಗುಂಪಿಗೆ ಒಟ್ಟು 5ರಿಂದ 6 ಕಿ.ಮೀ., ಅದರಲ್ಲಿ ತೀರ 2 ಕಿ.ಮೀ. ಮೀರದಿರಲಿ. ಒಂಬತ್ತರ ಮಗು ಎಂಟು ಕಿಲೋಮೀಟರ್ ನಡೆದೀತು, ಆದರೆ ಲೆಕ್ಕ ಹಾಕಬೇಕಾದದ್ದು ಐದರ ಮಗುವಿನ ಕಾಲಿಗೆ. ತೀರಕ್ಕೆ ಏಕೆ ಇಷ್ಟು ಜಿಪುಣತನ ಎಂದರೆ, ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲದಲ್ಲಿ ಬೇಕಾದ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಪ್ರತಿ ಹೆಜ್ಜೆಗೂ ಪಾದ ಮರಳನ್ನು ಹಿಂದಕ್ಕೆ ತಳ್ಳುತ್ತದೆ, ಆ ಶ್ರಮ ಮುಂದೆ ಹೋಗಲು ಒದಗುವುದಿಲ್ಲ.

ನಡಿಗೆಯ ಸಮಯಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಏರಿನ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. ಅದು ಗಟ್ಟಿ ಆಳುಗಳ ಲೆಕ್ಕ. ಮಕ್ಕಳ ಜೊತೆ ಹೊಲದ ದಾರಿಯಲ್ಲಿ ಗಂಟೆಗೆ 2.4 ಕಿ.ಮೀ., ಮರಳಿನಲ್ಲಿ 2 ಕಿ.ಮೀ. ಎಂದಿಟ್ಟುಕೊಳ್ಳಿ, ಏರಿನ ಸಮಯವನ್ನು ಎರಡರಷ್ಟು ಮಾಡಿ.

ಒಂದು ಉದಾಹರಣೆ ಮಾಡಿ ನೋಡೋಣ. ಹೊಲದ ಭಾಗ 3.6 ಕಿ.ಮೀ., ಏರು 60 ಮೀಟರ್; ತೀರ 2 ಕಿ.ಮೀ. ಹೊಲಕ್ಕೆ 90 ನಿಮಿಷ, ಏರಿಗೆ 12, ತಿನ್ನಲು 30, ಶೌಚ, ಷೂ ಲೇಸು, ಚಿಟ್ಟೆ ನೋಡುವುದು ಎಲ್ಲ ಸೇರಿ 20. ಒಟ್ಟು 152 ನಿಮಿಷ. ತೀರದಲ್ಲಿ ನಡಿಗೆ 60, ಆಟ 45, ಒಟ್ಟು 105. ಇಡೀ ಸುತ್ತು ನಾಲ್ಕೂಕಾಲು ಗಂಟೆ, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಡೆಯದೇ ಕಳೆದ ಸಮಯ. ಅದನ್ನು ಕತ್ತರಿಸಲು ಹೋಗಬೇಡಿ, ಯೋಜನೆ ಕೆಡುವುದು ಅಲ್ಲೇ.

ಆ ದಿನ ಇಳಿತ 11:30ಕ್ಕೆ ಎಂದಾದರೆ 9:30ಕ್ಕೆ ಮರಳಿನಲ್ಲಿರಬೇಕು, 11:15ಕ್ಕೆ ಮುಗಿಸುತ್ತೀರಿ. ಹೊಲ ಮೊದಲಾದರೆ ಮನೆ ಬಿಡುವ ಹೊತ್ತಲ್ಲ, ನಡಿಗೆ ಶುರುವಾಗುವ ಹೊತ್ತೇ ಬೆಳಿಗ್ಗೆ 7. ಅದು ಆಗದ ಮಾತು ಎಂದಾದರೆ ಒಂದೋ ತೀರ ಮೊದಲು ಮಾಡಿ, ಇಲ್ಲವೇ ಇಳಿತ ಸಂಜೆ 5ರ ಸುಮಾರಿಗೆ ಬರುವ ದಿನ ಹಿಡಿದು 12:30ಕ್ಕೆ ಹೊರಡಿ. ಸಂಜೆಯ ಲೆಕ್ಕದಲ್ಲಿ ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಮುಗಿಯುವಂತಿರಲಿ.

ಇನ್ನೊಂದು ಗಡಿಸಮಯವನ್ನೂ ಬರೆದಿಟ್ಟುಕೊಳ್ಳಿ. ಈ ಉದಾಹರಣೆಯಲ್ಲಿ ಅದು 10:15. ಹೊಲದಿಂದ ತೀರದ ಬಾಯಿಗೆ ಬರುವಾಗ ಅದಕ್ಕಿಂತ ತಡವಾಗಿದ್ದರೆ ಆ ದಿನ ತೀರದುದ್ದಕ್ಕೂ ನಡೆಯುವುದಿಲ್ಲ. ಆ ಬಾಯಿಯ ಹತ್ತಿರವೇ ಆಡಿ ಒಳದಾರಿಯಲ್ಲೇ ವಾಪಸ್. ಇದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿರಬೇಕು. ಸಮುದ್ರ ಕಂಡ ಮಕ್ಕಳ ಎದುರು ನಿಂತು ತೀರ್ಮಾನಿಸುವ ವಿಷಯ ಅಲ್ಲ.

ತೀರ ಮೊದಲೋ, ಹೊಲ ಮೊದಲೋ

ಇಳಿತ ಎರಡಕ್ಕೂ ಅವಕಾಶ ಕೊಟ್ಟರೆ ಹೊಲ ಮೊದಲು, ತೀರ ಕೊನೆಗೆ. ತೀರ ಮೊದಲಾದರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಎದ್ದ ಮೇಲೆ ಒದ್ದೆ ಬಟ್ಟೆ ತೊಡೆ ಉಜ್ಜುತ್ತದೆ, ಕಾಲ್ಚೀಲದೊಳಗೆ ಉಳಿದ ಮರಳಿಗೆ ಅರ್ಧ ಗಂಟೆಯಲ್ಲಿ ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತದೆ, ಮುಂದಿನ ಮೂರೂವರೆ ಕಿಲೋಮೀಟರ್ ಎತ್ತಿಕೊಂಡೇ ಹೋಗಬೇಕಾಗುತ್ತದೆ. ತೀರ ಕೊನೆಗಿದ್ದರೆ ‘ಸಮುದ್ರ ಇನ್ನೆಷ್ಟು ದೂರ’ ಎಂಬ ಪ್ರಶ್ನೆಯೇ ಅವರನ್ನು ನಡೆಸುತ್ತದೆ. ಒಂದೇ ಒಂದು ಆಕ್ಷೇಪ: ದಣಿದ ಕಾಲಿಗೆ ಮರಳು ಕಷ್ಟ. ತೀರದ ಭಾಗವನ್ನು 2 ಕಿ.ಮೀ.ಗೆ ನಿಲ್ಲಿಸಿದ್ದರ ಇನ್ನೊಂದು ಕಾರಣ ಅದೇ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಳದಾರಿಯಲ್ಲಿ ಮರ, ಬೇಲಿಗಳ ಮರೆ ಇರುತ್ತದೆ, ತೀರದಲ್ಲಿ ಏನೂ ಇಲ್ಲ. ಎದುರುಗಾಳಿಗೆ ಹಾರುವ ಮರಳು ದೊಡ್ಡವರ ಮೊಣಕಾಲಿಗೆ ಬಡಿದರೆ ಮಗುವಿನ ಮುಖಕ್ಕೆ ಬಡಿಯುತ್ತದೆ. ಗಾಳಿ ಬೆನ್ನಿಗಿರುವಂತೆ ಸುತ್ತಿನ ದಿಕ್ಕನ್ನು ಆರಿಸಿ, ಎಡಸುತ್ತೋ ಬಲಸುತ್ತೋ ಎಂಬುದನ್ನು ಅಂದು ಬೆಳಿಗ್ಗೆ ನಿರ್ಧರಿಸಿದರೂ ಆದೀತು. ಬಿಸಿಲ ದಿನಗಳಲ್ಲಿ ನೆಲ ಕಾದಂತೆ ಕಡಲಿನಿಂದ ಗಾಳಿ ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ. ಆ ತಂಪಿನಲ್ಲಿ ಚರ್ಮ ಸುಡುತ್ತಿರುವುದು ತಿಳಿಯುವುದಿಲ್ಲ. ಒಣ ಮರಳು ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ 15ರಷ್ಟನ್ನು, ಅಲೆಯ ನೊರೆ ಶೇ 25ರಷ್ಟನ್ನು ಮೇಲಕ್ಕೆ ಹಿಂತಿರುಗಿಸುತ್ತವೆ. ಹಾಗಾಗಿ ಟೋಪಿ ಹಾಕಿದ್ದರೂ ಗಲ್ಲದ ಕೆಳಗೆ, ಮೂಗಿನ ಅಡಿಯಲ್ಲಿ ಸನ್‌ಸ್ಕ್ರೀನ್ ಬೇಕು.

ದಂಡೆಯ ಮೇಲೆ

ನಡೆಯಬೇಕಾದ ಪಟ್ಟಿ ಯಾವುದೆಂದರೆ, ನೀರು ಈಗಷ್ಟೇ ಬಿಟ್ಟುಹೋದ ಹಸಿ ಮರಳು. ಹಿಮ್ಮಡಿ ಊರಿದಾಗ ಗುರುತು ಅರ್ಧ ಸೆಂಟಿಮೀಟರ್‌ಗಿಂತ ಆಳವಿಲ್ಲದಿದ್ದರೆ ನೆಲ ಗಟ್ಟಿ, ಪಾದದ ಅಂಚು ಮುಳುಗುತ್ತಿದ್ದರೆ ಇನ್ನೂ ಕೆಳಗೆ ಸರಿಯಿರಿ. ನೀರು ಇಳಿಯುವಾಗ ನಡೆಯುವುದರ ಇನ್ನೊಂದು ಲಾಭ ಇಲ್ಲಿದೆ, ಗಟ್ಟಿ ಪಟ್ಟಿ ಹೊತ್ತು ಕಳೆದಂತೆ ಅಗಲವಾಗುತ್ತಲೇ ಹೋಗುತ್ತದೆ. ನಯವಾದ ಮರಳಿನ ತೀರಗಳು ಸಾಮಾನ್ಯವಾಗಿ ಚಪ್ಪಟೆ ಮತ್ತು ಗಟ್ಟಿ. ದಪ್ಪ ಮರಳು, ಗೋಲಿ ಕಲ್ಲಿನ ತೀರಗಳು ಕಡಿದು, ಮೆತ್ತಗೆ. ಕಡಿದಾದ ದಂಡೆಯಲ್ಲಿ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಅರ್ಧ ಕಿಲೋಮೀಟರ್‌ಗೇ ಅತ್ತೆಯವರ ಸೊಂಟ, ಮೊಣಕಾಲು ದೂರು ಹೇಳಲು ಶುರುಮಾಡುತ್ತವೆ. ಅಂಥ ತೀರವನ್ನು ಬಿಟ್ಟು ಬೇರೆ ನೋಡುವುದೇ ಲೇಸು. ಊರುಗೋಲಿದ್ದರೆ ತುದಿಗೆ ಅಗಲವಾದ ಬಿಲ್ಲೆ ಹಾಕಿ, ಇಲ್ಲದಿದ್ದರೆ ಅದು ಹೂತುಕೊಂಡು ಆಯ ತಪ್ಪಿಸುತ್ತದೆ.

ದೊಡ್ಡವರೊಬ್ಬರು ಯಾವಾಗಲೂ ಸಮುದ್ರದ ಬದಿಗೆ, ಮಕ್ಕಳು ಒಳಬದಿಗೆ. ಹತ್ತು ಸಣ್ಣ ಅಲೆಗಳ ನಂತರ ಒಂದು ದೊಡ್ಡದು ಮೇಲೆ ಬರುವುದು ವಿಶೇಷವೇನಲ್ಲ, ಆದ್ದರಿಂದ ಕಡಲಿಗೆ ಬೆನ್ನು ಹಾಕಿ ಫೋಟೊಗೆ ನಿಲ್ಲಿಸಬೇಡಿ. ನೀರಂಚಿನಲ್ಲಿ ಬಿದ್ದಿರುವ ಮರದ ದಿಮ್ಮಿಯ ಮೇಲೆ ಹತ್ತಿಸಬೇಡಿ, ಒಂದು ಗೇಣು ನೀರಿಗೂ ಅದು ಉರುಳುತ್ತದೆ. ‘ಮೊಣಕಾಲುದ್ದ ನೀರಿನವರೆಗೆ’ ಎಂದರೆ ಐದರ ಮಗುವಿನ ಮೊಣಕಾಲು, ಅಪ್ಪನದ್ದಲ್ಲ. ಹಳ್ಳ ಸಮುದ್ರ ಸೇರುವಲ್ಲಿ, ಬಂಡೆ ಅಥವಾ ಕಟ್ಟೆಯ ಪಕ್ಕದಲ್ಲಿ ನೀರು ಹೊರಕ್ಕೆ ಸೆಳೆಯುತ್ತದೆ. ಸುತ್ತ ಅಲೆ ಮುರಿಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಗಾಢವಾಗಿ ಕಂಡರೆ ಅದೇ ಸೆಳವು. ಮಕ್ಕಳ ಕಣ್ಣಿಗೆ ಆಡಲು ಪ್ರಶಸ್ತವೆನಿಸುವುದೂ ಅದೇ ಜಾಗ.

ಮರಳಿನಲ್ಲಿ ಗುಂಡಿ ತೋಡುವುದಕ್ಕೂ ಮಿತಿ ಇರಲಿ. ಗುಂಪಿನಲ್ಲಿ ಅತಿ ಕುಳ್ಳಗಿರುವವರ ಮೊಣಕಾಲಿಗಿಂತ ಆಳ ಬೇಡ, ಸುರಂಗ ಬೇಡವೇ ಬೇಡ. ಹಸಿ ಮರಳಿನ ಗೋಡೆ ಒಣಗುತ್ತಿದ್ದಂತೆ ಎಚ್ಚರಿಕೆಯಿಲ್ಲದೆ ಕುಸಿಯುತ್ತದೆ, ತೆಗೆದಷ್ಟೂ ಸುತ್ತಲಿನದು ಮತ್ತೆ ತುಂಬಿಕೊಳ್ಳುತ್ತದೆ. ಹೊರಡುವ ಮುಂಚೆ ಗುಂಡಿ ಮುಚ್ಚಿ. ಜೆಲ್ಲಿ ಮೀನು ಸತ್ತು ದಂಡೆಗೆ ಬಿದ್ದಿದ್ದರೂ ಚುಚ್ಚುತ್ತದೆ, ಅದನ್ನು ಮುಟ್ಟಿದ ಕೋಲನ್ನು ಮಗು ಕೈಗೆ ತೆಗೆದುಕೊಂಡರೂ ಸಾಕು.

ಮರಳು ದಿಬ್ಬಗಳ ಮೇಲೆ ಹತ್ತಿ ಜಾರುವುದು ಮಕ್ಕಳಿಗೆ ಖುಷಿ, ಆದರೆ ಆ ದಿಬ್ಬವನ್ನು ಹಿಡಿದಿಟ್ಟಿರುವುದು ಮೇಲಿನ ಹುಲ್ಲು, ಬಳ್ಳಿಗಳ ಬೇರು. ಒಮ್ಮೆ ಅದು ಕಿತ್ತರೆ ಗಾಳಿ ಅಲ್ಲಿಂದಲೇ ಮರಳನ್ನು ತೋಡುತ್ತದೆ. ಇರುವ ಕಾಲುದಾರಿಯಲ್ಲೇ ದಾಟಿ. ಬಯಲು ಮರಳಿನಲ್ಲಿ ಮೊಟ್ಟೆಯಿಡುವ ಹಕ್ಕಿಗಳಿವೆ, ಮೊಟ್ಟೆಯ ಬಣ್ಣ ಮರಳಿನದೇ. ಒಂದು ಹಕ್ಕಿ ರೆಕ್ಕೆ ಮುರಿದಂತೆ ನಟಿಸುತ್ತಾ ನಿಮ್ಮನ್ನು ಎಲ್ಲಿಗೋ ಎಳೆಯುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ.

ಕಡಿದಾದ ಬಂಡೆ ಗೋಡೆಯ ಬುಡದಲ್ಲಿ ನೆರಳಿದೆ ಎಂದು ಊಟಕ್ಕೆ ಕೂರಬೇಡಿ. ಮಳೆಯ ನಂತರದ ದಿನಗಳಲ್ಲಿ ಕಲ್ಲು ಬೀಳುವ ಸಂಭವ ಹೆಚ್ಚು, ಬುಡದಲ್ಲಿ ಹೊಸದಾಗಿ ಬಿದ್ದ, ಅಂಚು ಸವೆಯದ ಕಲ್ಲುಗಳು ಕಂಡರೆ ಅದೇ ಸಾಕ್ಷಿ. ಗುಡುಗಿನ ವಿಷಯದಲ್ಲಿ ಲೆಕ್ಕ ಸರಳ: ಮಿಂಚು ಕಂಡು 30 ಸೆಕೆಂಡಿನೊಳಗೆ ಸದ್ದು ಕೇಳಿದರೆ ಅದು ಹತ್ತು ಕಿಲೋಮೀಟರ್ ಒಳಗಿದೆ, ಬಯಲು ತೀರ ಬಿಟ್ಟು ಗಟ್ಟಿ ಕಟ್ಟಡಕ್ಕೋ ವಾಹನದೊಳಕ್ಕೋ ಹೋಗಿ. ಒಂಟಿ ಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ವಾಪಸ್ ಬರಬೇಡಿ.

ಇಷ್ಟೆಲ್ಲ ಆಗಿಯೂ ನೀರು ಅಡ್ಡ ಬಂದರೆ? ಮಕ್ಕಳನ್ನು ಎತ್ತಿಕೊಂಡು ನೀರಲ್ಲಿ ಹಾದು ಹೋಗುವ ಪ್ರಯತ್ನ ಬೇಡ, ಬಂಡೆ ಹತ್ತುವ ಪ್ರಯತ್ನವೂ ಬೇಡ. ಆ ತುಂಡು ತೀರದಲ್ಲಿ ಅತಿ ಎತ್ತರದ ಜಾಗ, ಅಂದರೆ ಹಳೆಯ ಕಸಕಡ್ಡಿಯ ಗೆರೆಗಿಂತ ಮೇಲೆ, ಹುಲ್ಲು ಬೆಳೆದಿರುವಲ್ಲಿಗೆ ಹೋಗಿ ತುರ್ತು ಸಂಖ್ಯೆಗೆ ಕರೆ ಮಾಡಿ. ಕಸದ ಗೆರೆ ಬಂಡೆಯ ಬುಡದವರೆಗೂ ಹೋಗಿದ್ದರೆ ಅಲ್ಲಿ ಒಣ ಜಾಗ ಉಳಿಯುವುದಿಲ್ಲ ಎಂದರ್ಥ, ತಡಮಾಡದೆ ಮೊದಲೇ ಕರೆ ಮಾಡಿ. ನಕ್ಷೆಯನ್ನು ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದರೆ ನೆಟ್‌ವರ್ಕ್ ದುರ್ಬಲವಾಗಿದ್ದರೂ ನೀವಿರುವ ಜಾಗದ ಅಕ್ಷಾಂಶ, ರೇಖಾಂಶ ಹೇಳಬಹುದು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ.

ಹೊಲದ ದಾರಿ

ಇಲ್ಲಿ ಹೇಳುವುದು ಕಡಿಮೆ. ಬೆಳೆಯ ನಡುವೆ ನುಗ್ಗದೆ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿ. ಕರು ಜೊತೆಗಿರುವ ಹಸು ಸಾಧುವಾಗಿ ಕಂಡರೂ ನಡುವೆ ಹಾಯಬಾರದು, ಸುತ್ತಿ ಹೋಗಿ. ನಾಯಿ ಜೊತೆಗಿದ್ದು ದನಗಳು ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಿ, ಅವುಗಳ ಗುರಿ ಅದು, ನೀವಲ್ಲ. ಔಷಧಿ ಹೊಡೆದ ವಾಸನೆ ಬರುತ್ತಿದ್ದರೆ ಆ ಹೊಲದ ಅಂಚಿನಲ್ಲಿ ತಿನ್ನಲು ಕೂರಬೇಡಿ. ಡಾಂಬರು ರಸ್ತೆಯ ತುಣುಕು ಬಂದರೆ ಎದುರು ಬರುವ ವಾಹನ ಕಾಣುವ ಬದಿಯಲ್ಲಿ ನಡೆಯಿರಿ. ತಿರುವಿನಲ್ಲಿ ಆ ಬದಿ ಮರೆಯಾಗುತ್ತಿದ್ದರೆ ಮಾತ್ರ ಮುಂಚೆಯೇ ದಾಟಿಕೊಳ್ಳಿ.

ಸಾಮಾನಿನಲ್ಲಿ ಜನ ಮರೆಯುವುದು ನೀರನ್ನಲ್ಲ, ಒಣ ಕಾಲ್ಚೀಲವನ್ನು. ದೊಡ್ಡವರಿಗೆ ಒಂದೂವರೆ ಲೀಟರ್, ಮಕ್ಕಳಿಗೆ ಮುಕ್ಕಾಲರಿಂದ ಒಂದು ಲೀಟರ್ ನೀರು, ಸೆಖೆಯಿದ್ದರೆ ಇನ್ನೂ ಹೆಚ್ಚು. ತಲೆಗೊಂದು ಜೊತೆ ಕಾಲ್ಚೀಲ, ಮೆತ್ತನೆಯ ಸಣ್ಣ ಬ್ರಷ್, ಟವೆಲ್, ಕಸಕ್ಕೊಂದು ಚೀಲ, ಬ್ಯಾಂಡೇಜ್. ಸುಡುಬಿಸಿಲಲ್ಲಿ ಒಣ ಮರಳು ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಬರಿಗಾಲಲ್ಲಿ ಬಿಡುವ ಮುಂಚೆ ಅಂಗೈ ಹಿಂಬದಿಯನ್ನು ಐದು ಸೆಕೆಂಡು ಒತ್ತಿ ನೋಡಿ. ನಿಮ್ಮಲ್ಲಿ ಕೈಗೂಸಿಲ್ಲ, ಆದರೂ ಜೊತೆಗೆ ಬರುವವರು ತಳ್ಳುಗಾಡಿ ತಂದರೆ ನೆನಪಿಡಿ: ಕಿರಿದಾದ ಚಕ್ರಗಳು ಮರಳಲ್ಲಿ ತಳ್ಳಿದಷ್ಟೂ ಹೂಳುತ್ತವೆ, ತಿರುಗಿಸಿ ಹಿಂದಕ್ಕೆ ಎಳೆದರೆ ಬರುತ್ತವೆ. ಎರಡು ಕಿಲೋಮೀಟರ್ ಹಾಗೆ ಎಳೆಯಲಾಗದು, ಬೆನ್ನಿಗೆ ಕಟ್ಟುವ ಚೀಲವೇ ಸರಿ.

ಸುತ್ತು ಮುಗಿದ ಮೇಲೆ ಮಕ್ಕಳ ಕಾಲನ್ನು ಒದ್ದೆಯಾಗಿಯೇ ಉಜ್ಜಬೇಡಿ, ಚರ್ಮ ಕೆಂಪಾಗುತ್ತದೆ. ಟವೆಲಿನಿಂದ ಒತ್ತಿ ಒರೆಸಿ, ಐದು ನಿಮಿಷ ಒಣಗಲು ಬಿಟ್ಟು ಬ್ರಷ್ ಆಡಿಸಿದರೆ ಮರಳು ತಾನಾಗಿ ಉದುರುತ್ತದೆ. ಬೆರಳ ಸಂದಿಯಲ್ಲಿ ಉಳಿದಿದ್ದಕ್ಕೆ ಸ್ವಲ್ಪ ಪೌಡರ್ ಸಾಕು. ಹೊಲದ ಭಾಗದಲ್ಲಿ ಎತ್ತರದ ಹುಲ್ಲಿನೊಳಗೆ ಹಾದಿದ್ದರೆ ಸಂಜೆ ಸ್ನಾನದ ಹೊತ್ತಿಗೆ ಮೊಣಕಾಲ ಹಿಂದೆ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ, ಕೂದಲಂಚಿನಲ್ಲಿ ಉಣ್ಣಿ ಕಚ್ಚಿಕೊಂಡಿದೆಯೇ ನೋಡಿ. ಇದ್ದರೆ ಎಣ್ಣೆ ಹಚ್ಚುವುದು, ಬೆಂಕಿ ತೋರಿಸುವುದು ಮಾಡದೆ, ಚೂಪು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಆ ಜಾಗವನ್ನು ಸೋಪಿನಿಂದ ತೊಳೆದು ದಿನಾಂಕ ಬರೆದಿಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರವೋ, ಕಚ್ಚಿದಲ್ಲಿ ಹರಡುವ ಕೆಂಪು ಕಲೆಯೋ ಕಂಡರೆ ವೈದ್ಯರು ಮೊದಲು ಕೇಳುವುದು ಆ ದಿನಾಂಕವನ್ನೇ.